ಬುತ್ತಿ ಕಟ್ಟದ ಬೆಳಿಗ್ಗೆ

ನಮ್ಮ ಕಡೆಯ ಜನರ ಬಗ್ಗೆ ಪ್ರೊಫೆಸರ್ ನಂಜರಾಜಯ್ಯನವರಿಗೆ ಎಲ್ಲ ಗೊತ್ತಿತ್ತು. ಹಾಗಂತ ಅವರೇ ಹೇಳುತ್ತಿದ್ದರು. ಅವರು ಮೈಸೂರು ಸೀಮೆಯವರು. ಪರದೇಶದಿಂದ ಓದಲು ಬಂದ ಹುಡುಗ ಹುಡುಗಿಯರನ್ನು ನೋಡಿಕೊಳ್ಳುವ ಕೆಲಸ ವಿಶ್ವವಿದ್ಯಾಲಯದಲ್ಲಿ ಅವರ ಪಾಲಿಗೆ ಬಂದಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಸುಡಾನ್, ಕೀನ್ಯಾ, ಮಾರಿಷಸ್ ಕಡೆಯಿಂದ ಹುಡುಗರು ಬರುತ್ತಿದ್ದರು, ಹಾಸ್ಟೆಲ್ಲಿನಲ್ಲಿ ತಮ್ಮತಮ್ಮಲ್ಲೇ ಗುಂಪುಗೂಡಿ ಇದ್ದು, ಪದವಿ ತಗೊಂಡು ಹೋಗುತ್ತಿದ್ದರು. ಹೀಗಾದರೆ ಇವರಿಗೆ ಈ ನಾಡು ತಿಳಿಯುವುದು ಯಾವಾಗ ಎಂದು ನಂಜರಾಜಯ್ಯನವರು ಒಂದು ಕೋರ್ಸು ಶುರುಮಾಡಿದರು. ಒಬ್ಬೊಬ್ಬರೂ ಒಂದೊಂದು ಹಳ್ಳಿಯ ಮನೆಯಲ್ಲಿ ಒಂದು ತಿಂಗಳು ಇರಬೇಕು, ಅವರು ಉಂಡದ್ದು ಉಣ್ಣಬೇಕು, ಅವರ ರೀತಿ ರಿವಾಜು ಕಲಿಯಬೇಕು. ಯೋಚನೆ ಒಳ್ಳೆಯದೇ. ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಕಳಿಸುವ ಮುಂಚೆ ಅವರು ಪಾಠ ಮಾಡುತ್ತಿದ್ದರು. ಎಡಗೈಯಲ್ಲಿ ಏನೂ ಕೊಡಬೇಡಿ, ಅಡುಗೆ ಮನೆಗೆ ಕೇಳದೆ ನುಗ್ಗಬೇಡಿ, ಹಿರಿಯರ ಎದುರು ಕಾಲು ಚಾಚಬೇಡಿ. ಕೊನೆಗೆ ಅವರ ಮೆಚ್ಚಿನ ಪಾಠ: "ಈ ಜನ ನಿಮ್ಮನ್ನು ಉಣ್ಣು, ಇರು ಎಂದು ಬಲವಂತ ಮಾಡುತ್ತಾರೆ. ಅದು ಬರೀ ಉಪಚಾರ. ಅವರಿಗೂ ಕೆಲಸ ಇರುತ್ತದೆ, ನೀವು ಹೊರಟರೆ ಅವರಿಗೂ ಹಗುರ. ಮೂರು ಸಲ ಬೇಡ ಅನ್ನಿ. ಆಮೇಲೆ ಕೈಮುಗಿದು ಎದ್ದುಬಿಡಿ." ಹುಡುಗರು ತಲೆ ಆಡಿಸಿದರು.

ಅವರಲ್ಲಿ ಇದ್ರಿಸ್ ಎಂಬವನು ಸುಡಾನಿನವನು, ನೈಲ್ ನದಿಯ ದಂಡೆಯ ಹಳ್ಳಿಯವನು. ಎತ್ತರದ ಆಳು, ಮೆತ್ತಗಿನ ಮಾತು. ಎರಡು ವರ್ಷದಲ್ಲಿ ಅಷ್ಟಿಷ್ಟು ಕನ್ನಡ ಕಲಿತಿದ್ದ. ಅವನನ್ನು ಜಮಖಂಡಿ ತಾಲೂಕಿನ ಮಾವಿನದಂಡಿಗೆ ಕಳಿಸಿದರು. ಊರು ಕೃಷ್ಣಾ ಹೊಳೆಯ ಈಚೆ ದಂಡೆಯಲ್ಲಿದೆ. ಆಚೆ ದಂಡೆ ಹತ್ತಿ ನಡೆದರೆ ಸಾವಳಗಿಯ ದಾರಿ. ಆಗ ಅಲ್ಲಿ ಸೇತುವೆ ಇರಲಿಲ್ಲ, ದೋಣಿ ಇತ್ತು.

ಗುರುಬಸವ್ವನ ಮನೆ. ಗಂಡ ತೀರಿದ ಹೆಂಗಸು, ಮಗ ಶಿವಯೋಗೆಪ್ಪ, ಸೊಸೆ ಮಾದೇವಿ, ಹೊಳೆಸಾಲಿನ ಕಬ್ಬಿನ ಹೊಲ. ಇದ್ರಿಸ್ ಅನ್ನುವುದು ಮುದುಕಿಯ ಬಾಯಿಗೆ ಹೊಂದಲಿಲ್ಲ. ಎರಡನೆಯ ದಿನಕ್ಕೇ ಅವನನ್ನು ಈರಪ್ಪ ಮಾಡಿಬಿಟ್ಟಳು. ಮೊದಮೊದಲು ಅವನ ತಾಟು, ಅವನ ತಂಬಿಗೆ ಬೇರೆ ಇಟ್ಟಿದ್ದಳು. ಅವನು ಉಂಡ ತಾಟನ್ನು ತಾನೇ ತೊಳೆದು ಬೋರಲು ಹಾಕುವುದನ್ನು ವಾರಗಟ್ಟಲೆ ನೋಡಿ, ಒಂದು ದಿನ ಯಾರಿಗೂ ಹೇಳದೆ ಆ ತಾಟನ್ನು ಮನೆಯ ತಾಟುಗಳ ಜೊತೆ ಸೇರಿಸಿ ಇಟ್ಟಳು. ಇದ್ರಿಸ್ ಅದನ್ನು ಗಮನಿಸಿದ. ಆವತ್ತೂ ಉಂಡ ತಾಟನ್ನು ತಾನೇ ತೊಳೆದಿಟ್ಟ.

ಮೊದಲ ದಿನದ ಊಟದಲ್ಲಿ ಪಾಪ, ಪ್ರೊಫೆಸರರ ಪಾಠದಂತೆ ಮೂರು ಸಲ ಬೇಡ ಅಂದ. ನಾಲ್ಕನೆಯ ರೊಟ್ಟಿಯೂ ಬಂತು, ಐದನೆಯದೂ ಬಂತು. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಮೇಲಕ್ಕೇಳದಿದ್ದರೆ ಈ ಮನೆಯಲ್ಲಿ ಊಟ ಮುಗಿಯುವುದಿಲ್ಲ ಎನ್ನುವುದು ಅವನಿಗೆ ಹೊಟ್ಟೆ ಬಿರಿದ ಮೇಲೆ ತಿಳಿಯಿತು. ಆವತ್ತಿನಿಂದ ಅವನು ಪಾಠ ಬದಿಗಿಟ್ಟು ಮುದುಕಿಯ ಕೈಯನ್ನು ನೋಡತೊಡಗಿದ. ಗುರುಬಸವ್ವನಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಮಜ್ಜಿಗೆಗೆ ಉಪ್ಪು ಹಾಕುತ್ತಿರಲಿಲ್ಲ. ಮಗನೂ ಸೊಸೆಯೂ ಸಪ್ಪೆ ಮಜ್ಜಿಗೆ ಕುಡಿದು, ತಮ್ಮ ತಪ್ಪೇನು ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಬುತ್ತಿಯ ವಿಷಯವೂ ಹಾಗೇ. ಮನೆಯಿಂದ ಯಾರೇ ಊರು ಬಿಟ್ಟು ಹೊರಟರೂ ಮುದುಕಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಅರಿವೆಯಲ್ಲಿ ಕಟ್ಟಿ ಹೊಸ್ತಿಲಲ್ಲಿ ನಿಂತು ಕೈಗೆ ಕೊಡಬೇಕು. ಮಗ ಜಮಖಂಡಿ ಸಂತೆಗೆ ಹೋಗಿ ಮಧ್ಯಾಹ್ನಕ್ಕೆ ಬರುವವನಾದರೂ ಬುತ್ತಿ ತಪ್ಪದು. ಒಮ್ಮೆ ಚಿಮ್ಮಡದಿಂದ ಅವಳ ತಮ್ಮ ಬಂದಿದ್ದ. ಹೊರಡುತ್ತೇನೆ ಎಂದು ರುಮಾಲು ಸುತ್ತಿಕೊಂಡು ಹೊಸ್ತಿಲ ತನಕ ಬಂದ. ಬುತ್ತಿ ಬರಲಿಲ್ಲ. ಸ್ವಲ್ಪ ಹೊತ್ತು ನಿಂತ, ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಮತ್ತೆರಡು ದಿನ ಇದ್ದ. ಇದ್ರಿಸ್ ಬೆರಗಾಗಿ ಶಿವಯೋಗೆಪ್ಪನನ್ನು ಕೇಳಿದ.

"ಅವ್ವ ಬುತ್ತಿ ಕಟ್ಟಲಿಲ್ಲಂದ್ರ ಹೋಗಬ್ಯಾಡ ಅಂದಂಗ," ಎಂದು ಶಿವಯೋಗೆಪ್ಪ ನಕ್ಕ. "ಆಕಿ ಬಾಯಿ ಬಿಟ್ಟು ಹೇಳಾಂಗಿಲ್ಲ. ನಾವು ತಿಳಕೋಬೇಕು."

ಬಾಯಿ ಬಿಟ್ಟು ಯಾಕೆ ಹೇಳುವುದಿಲ್ಲ ಎನ್ನುವುದು ಇದ್ರಿಸ್‌ಗೆ ಇನ್ನೊಂದು ದಿನ ತಿಳಿಯಿತು. ಶಿವಯೋಗೆಪ್ಪ ಚಕ್ಕಡಿ ಹೂಡಿಕೊಂಡು ಹೊಳೆಯ ಇಳಿಜಾರಿನ ಕಡೆ ಹೊರಟಿದ್ದ. ಇದ್ರಿಸ್ ಒಳ್ಳೆಯ ಮನಸ್ಸಿನಿಂದಲೇ ಕೂಗಿದ: "ಅಣ್ಣಾ, ರಾಡಿ ಐತಿ, ಚಕ್ಕಡಿ ಉರುಳತೈತಿ, ನೋಡಿ ಹೋಗು." ಅಷ್ಟೇ ಸಾಕು. ಗುರುಬಸವ್ವ ಒಳಗಿನಿಂದ ಓಡಿ ಬಂದಳು. ಮಗನನ್ನು ಚಕ್ಕಡಿಯಿಂದ ಇಳಿಸಿ, ಮನೆಯೊಳಗೆ ಕರೆದು ಕೂರಿಸಿ, ಆಡಿದ ಮಾತು ಕಳೆಯಲೆಂದು ತನ್ನ ಕೈಯಿಂದ ಒಂದು ತಂಬಿಗೆ ನೀರು ಕುಡಿಸಿ, ಮತ್ತೆ ಹೊಸದಾಗಿ ಹೊರಡಿಸಿದಳು. ಆಮೇಲೆ ಇದ್ರಿಸ್‌ನ ಹತ್ತಿರ ಬಂದು ಕೂತಳು.

"ಹೊಂಟವ್ರಿಗೆ ಅಂಥಾ ಮಾತ ಹೇಳಬಾರದಪಾ ಈರಪ್ಪಾ. ಅಂದ್ರ ಆಗಿಬಿಡತೈತಿ."

"ತಪ್ಪಾತು ಆಯಿ," ಎಂದ ಅವನು.

ಉಳಿದದ್ದನ್ನು ಮಾದೇವಿ ಹೇಳಿದಳು, ದನಗಳಿಗೆ ಹಿಂಡಿ ಕಲಸುತ್ತ, ಅತ್ತೆಗೆ ಕೇಳದಂತೆ. "ನಮ್ಮ ಮಾವಾರು ಹೊಳಿ ದಾಟಾಕ ಹೊಂಟಿದ್ರಂತ. ಹೊಳಿ ಏರಿತ್ತು. ಅತ್ತಿ ದಂಡಿಮ್ಯಾಲ ನಿಂತು, ಹೋಗಬ್ಯಾಡ್ರಿ, ಮುಳಗತೀರಿ ಅಂತ ಚೀರಿದ್ರಂತ. ಮಾವಾರು ಹೊಳ್ಳಿ ಬರಲಿಲ್ಲ. ಈಕಿ ಬಾಯಿನ ಗಂಡನ್ನ ತಿಂತು ಅಂತ ಊರೆಲ್ಲಾ ಆಡಕೊಂತು ಅಣ್ಣಾರ. ಆವಾಗಿಂದ ಹಿಂಗ."

ಹೊಳೆ ಏರಿದ್ದು ಘಟ್ಟದ ಮಳೆಯಿಂದ. ಗಂಡ ಹೋದದ್ದು ತನ್ನ ಹಟದಿಂದ. ಅದರಲ್ಲಿ ನಿಜ ಹೇಳಿದವಳು ಅವಳೊಬ್ಬಳೇ, ಊರು ಹಿಡಿದದ್ದು ಅವಳೊಬ್ಬಳ ಬಾಯಿಯನ್ನು. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಇದ್ರಿಸ್‌ಗೆ ಉರಿಯಲಿಲ್ಲ. ಅವನ ಊರಿನಲ್ಲೂ ಹಿರಿಯರು ನದಿಯ ಎದುರು ಕೆಟ್ಟದ್ದನ್ನು ಆಡುತ್ತಿರಲಿಲ್ಲ. ಅವನಿಗೆ ಅದು ತನ್ನ ಮನೆಯಂತೆಯೇ ಕಂಡಿತು. ಹೊರಟವರಿಗೆ ಅಂಥ ಮಾತು ಹೇಳಬಾರದು ಎನ್ನುವುದನ್ನು ಅವನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಂಡ.

ತಿಂಗಳು ತುಂಬಿತು. ಸಾವಳಗಿಯಲ್ಲಿ ಕೋರ್ಸಿನ ಮುಕ್ತಾಯದ ಸಭೆ. ಎಲ್ಲ ಹುಡುಗರೂ ಅಲ್ಲಿಗೆ ಬರಬೇಕು, ದೊಡ್ಡವರು ಬರುತ್ತಾರೆ, ಮಾಲೆ, ಭಾಷಣ. ಇದ್ರಿಸ್‌ನನ್ನು ಕರೆದೊಯ್ಯಲು ನಂಜರಾಜಯ್ಯನವರೇ ಜೀಪಿನಲ್ಲಿ ಬರುವವರಿದ್ದರು.

ಆ ದಿನ ಬೆಳಗಿನ ಜಾವ ಎಚ್ಚರವಾದಾಗ ಇದ್ರಿಸ್‌ಗೆ ಮೊದಲು ಗೊತ್ತಾದದ್ದು ವಾಸನೆ. ಹಸಿ ಮಣ್ಣಿನ ವಾಸನೆ, ಆದರೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಆಕಾಶ ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛವಿತ್ತು. ಅವನು ಎದ್ದು ಅಂಗಳಕ್ಕೆ ಬಂದ. ಹೊಳೆದಂಡೆಯಲ್ಲಿ ಇರುತ್ತಿದ್ದ ನೀರೆತ್ತುವ ಇಂಜಿನ್ನು ಅಂಗಳದಲ್ಲಿ ನಿಂತಿತ್ತು, ಮೈಯೆಲ್ಲ ಕೆಸರು. ಶಿವಯೋಗೆಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚುತ್ತಿದ್ದ. ಪಕ್ಕದ ಮನೆಯ ಅಂಗಳದಲ್ಲೂ ಒಂದು ಇಂಜಿನ್ನು. ಅದರಾಚೆಯ ಮನೆಯಲ್ಲೂ ಒಂದು. ಕತ್ತಲಲ್ಲೇ ಊರಿಗೆ ಊರೇ ತನ್ನ ಇಂಜಿನ್ನುಗಳನ್ನು ಮೇಲಕ್ಕೆ ಎಳೆದು ತಂದಿತ್ತು, ಒಬ್ಬರೂ ಕೂಗಾಡಿರಲಿಲ್ಲ. ಹೊಳೆಯಿಂದ ಬಂದ ಹೆಂಗಸರು ಕೊಡಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಕೆಂಪು ನೀರು ತಿಳಿಯಾಗಲೆಂದು ಸುಮ್ಮನೆ ಕೂತಿದ್ದರು.

ಇದ್ರಿಸ್‌ಗೆ ಅದು ಹೊಸದಲ್ಲ. ಅವನ ನದಿಯೂ ಹೀಗೆಯೇ, ಬಿಸಿಲಿನಲ್ಲೇ ಏರುತ್ತದೆ, ಎಲ್ಲೋ ದೂರದ ಬೆಟ್ಟದ ಮಳೆಯನ್ನು ಹೊತ್ತು. ಅವನು ಶಿವಯೋಗೆಪ್ಪನ ಮುಖ ನೋಡಿದ. ಶಿವಯೋಗೆಪ್ಪ ಎತ್ತಿನ ಮುಖ ನೋಡಿದ.

ಪ್ರೊಫೆಸರರು ನಾಷ್ಟಾದ ಹೊತ್ತಿಗೆ ಬಂದರು. ಬಿಳಿ ಅಂಗಿ, ಹೊಸ ಚಪ್ಪಲಿ, ಒಳ್ಳೆಯ ಹುರುಪು. ರಸ್ತೆ ಸುತ್ತಿ ಹೋದರೆ ಸಭೆ ತಪ್ಪುತ್ತದೆ, ಜೀಪು ಇಲ್ಲೇ ಇರಲಿ, ದೋಣಿಯಲ್ಲಿ ದಾಟಿಬಿಡೋಣ ಅಂದರು. ಇಂಜಿನ್ನು ಕಂಡು, "ರಿಪೇರಿಗಾ?" ಎಂದು ಕೇಳಿದರು.

"ಹೂಂ ರೀ," ಎಂದ ಶಿವಯೋಗೆಪ್ಪ.

ಗುರುಬಸವ್ವ ಒಳಗಿನಿಂದ ಬಂದಳು. "ಸಾಹೇಬ್ರ, ಇವತ್ತ ಇರ್ರಿ. ಹೂರಣಕ್ಕ ಬ್ಯಾಳಿ ಇಟ್ಟೇನಿ. ಹೋಳಗಿ ಉಂಡು ನಾಳೆ ಹೋದ್ರಾತು."

"ಬೇಡಿ ತಾಯಿ, ಇನ್ನೊಂದು ಸಲ ಖಂಡಿತ ಬರ್ತೀವಿ," ಎಂದು ಪ್ರೊಫೆಸರರು ನಕ್ಕು, ಇದ್ರಿಸ್‌ನ ಕಡೆ ವಾಲಿ ಇಂಗ್ಲಿಷಿನಲ್ಲಿ ಹೇಳಿದರು: "ಇದು ಮೊದಲನೆಯದು."

"ಸರ, ನಮ್ಮ ಕಬ್ಬಿನ ಹೊಲಾ ನೋಡಾಕ ಬರ್ರಿ," ಎಂದ ಶಿವಯೋಗೆಪ್ಪ. "ಮನಿ ನಿಮ್ದ ಅಂತ ತಿಳೀರಿ. ಇವತ್ತ ಯಾಕ ಅವಸರ?"

"ಎರಡನೆಯದು," ಎಂದರು ಪ್ರೊಫೆಸರರು.

ಮುದುಕಿ ಮುಂದೆ ಬಂದಳು. ಸೆರಗು ಹಿಡಿದು, ಅವರ ಕಾಲಿನ ತನಕ ಬಗ್ಗಿ, ಕೈ ಮುಗಿದಳು. ಅವಳ ದನಿ ಒಡೆದಿತ್ತು. "ನಿಮ್ಮ ಕಾಲ ಬೀಳ್ತೇನ್ರೀ ಸಾಹೇಬ್ರ. ಇವತ್ತೊಂದಿನ ಇರ್ರಿ."

ನಂಜರಾಜಯ್ಯನವರ ಕಣ್ಣೂ ಒದ್ದೆಯಾಯಿತು. ಅವರು ಕೆಟ್ಟವರಾಗಿರಲಿಲ್ಲ. "ನೋಡಿದೆಯಾ ಇದ್ರಿಸ್, ಮೂರನೆಯದು. ಈ ಜನರ ಹೃದಯ ದೊಡ್ಡದು. ಆದರೆ ಇಲ್ಲಿಗೆ ನಿಲ್ಲಿಸಬೇಕು, ಏಳು."

ಹೊರಗೆ ಬಂದರೆ ಅವರ ಚಪ್ಪಲಿ ಇರಲಿಲ್ಲ. "ನಾಯಿ ಒಯ್ದಿರಬೇಕ್ರಿ," ಎಂದಳು ಮಾದೇವಿ, ನೆಲ ನೋಡುತ್ತ. ಪ್ರೊಫೆಸರರು ಜೀಪಿನ ಡ್ರೈವರನಿಂದ ಬೂಟು ತರಿಸಿ ಹಾಕಿಕೊಂಡರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು, ಒಳಗಿನಿಂದ ಯಾರೂ ಬರಲಿಲ್ಲ. "ಇಷ್ಟೆಲ್ಲ ಅತ್ತು ಕರೆದು ದಾರಿಗೆ ಒಂದು ರೊಟ್ಟಿ ಕಟ್ಟಿಕೊಡಲಿಲ್ಲ ನೋಡು," ಎಂದರು. "ಅದಕ್ಕೇ ಹೇಳಿದ್ದು, ಬಾಯುಪಚಾರ."

ಇದ್ರಿಸ್ ಹಿಂತಿರುಗಿ ನೋಡಿದ. ಒಲೆಯ ಮುಂದೆ ಗುರುಬಸವ್ವ ಕೂತಿದ್ದಳು. ಬುತ್ತಿ ಕಟ್ಟುವ ಅರಿವೆ ಅವಳ ತೊಡೆಯ ಮೇಲೆ ಬರಿದಾಗಿ ಬಿದ್ದಿತ್ತು. ಬುಟ್ಟಿಯ ತುಂಬ ರೊಟ್ಟಿ ಇದ್ದವು.

ಅವನು ಚೀಲವನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟ. "ಸರ್, ನನಗೆ ಹೊಟ್ಟೆ ನೋವು. ನಾನು ಇವತ್ತು ಬರುವುದಿಲ್ಲ. ನೀವೂ ನಾಳೆ ಹೋಗಿ."

ಪ್ರೊಫೆಸರರ ಮುಖ ಬಿಗಿಯಿತು. "ಸಭೆಯಲ್ಲಿ ನೀನೇ ಮಾತಾಡಬೇಕಾದವನು. ಇವರ ಹೋಳಿಗೆಗೆ ಸೋತು ಕೂತರೆ, ಈ ಕೋರ್ಸಿನಲ್ಲಿ ನೀನು ಏನೂ ಕಲಿತಿಲ್ಲ ಅಂತಲೇ ನಾನು ಬರೆಯಬೇಕಾಗುತ್ತದೆ."

"ಬರೆಯಿರಿ ಸರ್," ಎಂದ ಇದ್ರಿಸ್.

ಅವರು ಸಿಟ್ಟಿನಿಂದ ಹೊಳೆಯ ಕಡೆ ನಡೆದೇಬಿಟ್ಟರು. ಇದ್ರಿಸ್‌ಗೆ ಕೂತಿರಲು ಆಗಲಿಲ್ಲ, ಹಿಂದೆ ಓಡಿದ. ಅವನ ಹಿಂದೆ ಶಿವಯೋಗೆಪ್ಪ, ಅವನ ಹಿಂದೆ ಊರಿನ ಮಂದಿ, ಒಬ್ಬೊಬ್ಬರಾಗಿ.

ಹೊಳೆ ಅಗಲವಾಗಿತ್ತು. ಸದ್ದು ಹೆಚ್ಚಿರಲಿಲ್ಲ. ನಡುವೆ ಮಾತ್ರ ನೀರು ಉಬ್ಬಿದಂತೆ ಇತ್ತು, ಅದರ ಮೇಲೆ ಕಬ್ಬಿನ ಒಣಗರಿ, ನೊರೆ, ಯಾರದೋ ಗುಡಿಸಲಿನ ತಟ್ಟಿ ಹೋಗುತ್ತಿದ್ದವು. ಅಂಬಿಗ ಲಗಮಪ್ಪ ದೋಣಿಯನ್ನು ದಂಡೆಗೆ ಎಳೆದು ಬೋರಲು ಹಾಕಿದ್ದ.

"ತಳದಾಗ ಸೋರತೈತ್ರಿ ಸಾಹೇಬ್ರ. ಡಾಂಬರ ಹಚ್ಚಬೇಕು, ನಾಳೆ ಬರ್ರಿ," ಎಂದ.

ಪ್ರೊಫೆಸರರು ಬಗ್ಗಿ ನೋಡಿದರು. ಡಾಂಬರು ಹೊಸದಾಗಿಯೇ ಇತ್ತು. "ಎಲ್ಲಪ್ಪಾ ಸೋರೋದು?"

"ಇವತ್ತ ಅಮಾಸಿ ರೀ. ಅಮಾಸಿ ದಿನಾ ದೋಣಿ ಬಿಡಾಂಗಿಲ್ರಿ."

"ಅಮಾವಾಸ್ಯೆ ಹೋಗಿ ವಾರ ಆಯ್ತು. ಏನು ಊರೆಲ್ಲ ಸೇರಿ ನಾಟಕ ಆಡ್ತಿದೀರಾ? ತಹಸೀಲ್ದಾರರು ನನಗೆ ಗೊತ್ತಿರೋರು. ಈ ದೋಣಿ ಕಡವಿನ ಗುತ್ತಿಗೆ ಯಾರ ಹೆಸರಲ್ಲಿದೆ, ಹೇಳು."

ಲಗಮಪ್ಪ ಒಮ್ಮೆ ಹೊಳೆ ನೋಡಿದ, ಒಮ್ಮೆ ದಂಡೆಯ ಮೇಲೆ ನಿಂತ ಮಂದಿಯನ್ನು ನೋಡಿದ. ಯಾರೂ ತುಟಿ ಬಿಚ್ಚಲಿಲ್ಲ. ಅವನು ದೋಣಿಯನ್ನು ಹೊರಳಿಸಿ ನೀರಿಗೆ ನೂಕಿದ.

ಇಷ್ಟು ಜನ ನಿಂತಿದ್ದರಲ್ಲ, ಒಬ್ಬ, ಒಬ್ಬನೇ ಒಬ್ಬ, "ಲೇ, ಸಾಯ್ತೀರಿ" ಅನ್ನಬಾರದಿತ್ತೇ! ಅನ್ನಲಿಲ್ಲ. ಅಂದರೆ ಆಗಿಬಿಡುತ್ತದೆ. ಆದಮೇಲೆ ಅಂದವನ ಬಾಯಿಯನ್ನು ಹಿಡಿಯುತ್ತಾರೆ.

ಇದ್ರಿಸ್ ನೀರಿನ ಅಂಚಿಗೆ ಇಳಿದ. ಮುಳುಗುತ್ತೀರಿ ಎನ್ನುವ ಮಾತು ಅವನ ನಾಲಿಗೆಯ ಮೇಲೇ ಇತ್ತು. ಅರಬ್ಬಿಯಲ್ಲಿ ಇತ್ತು, ಇಂಗ್ಲಿಷಿನಲ್ಲಿ ಇತ್ತು, ಮಾದೇವಿ ಹೇಳಿದ್ದರಿಂದ ಕನ್ನಡದಲ್ಲೂ ಇತ್ತು. ಇಂಗ್ಲಿಷಿನಲ್ಲಿ ಅಂದಿದ್ದರೆ ದಂಡೆಯ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಬಾಯಿ ತೆರೆದ. ಆಗ ಮೇಲೆ ಗುರುಬಸವ್ವ ಕಂಡಳು. ಅಷ್ಟು ದೂರ ಓಡಿ ಬಂದಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಅವನನ್ನೇ ನೋಡುತ್ತ, ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

ಅವನು ಹೇಳಿದ: "ಸರ, ನಾಳೆ ಹೋಗೋಣ್ರಿ. ಮನ್ಯಾಗ ಹೋಳಗಿ ಐತ್ರಿ."

ದೋಣಿಯಲ್ಲಿ ಕೂತಿದ್ದ ಪ್ರೊಫೆಸರರ ಸಿಟ್ಟೆಲ್ಲ ಇಳಿಯಿತು. ಅವರು ಜೋರಾಗಿ ನಕ್ಕರು. "ಭೇಷ್! ಥೇಟ್ ಇವರ ಹಾಗೇ ಹೇಳ್ತೀಯಲ್ಲೋ! ನಾನು ಅಂದದ್ದು ತಪ್ಪು, ನೀನು ಎಲ್ಲ ಕಲಿತಿದ್ದೀಯ. ಸಭೆಯಲ್ಲಿ ಹೇಳ್ತೀನಿ." ಕೈ ಬೀಸಿದರು. ಲಗಮಪ್ಪ ಹುಟ್ಟು ಹಾಕಿದ.

ಉಬ್ಬಿನ ತನಕ ದೋಣಿ ನೆಟ್ಟಗೇ ಹೋಯಿತು. ಅಲ್ಲಿ ಒಂದು ಸುತ್ತು ತಿರುಗಿತು. ಮೇಲಿನಿಂದ ಬುಡಸಮೇತ ಕಿತ್ತ ಜಾಲಿಮರವೊಂದು ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಬಂತು. ಬಿಳಿ ಅಂಗಿ ಎದ್ದು ನಿಂತದ್ದು ದಂಡೆಯಿಂದ ಎಲ್ಲರಿಗೂ ಕಂಡಿತು. ಆಮೇಲೆ ದೋಣಿಯ ತಳ ಕಂಡಿತು, ಹೊಸ ಡಾಂಬರಿನ ಕಪ್ಪು ತಳ. ಆಗ ಊರೆಲ್ಲ ಒಟ್ಟಿಗೆ ಚೀರಿತು. ಅಲ್ಲಿಯವರೆಗೆ ಹಿಡಿದಿಟ್ಟ ಬಾಯಿಗಳೆಲ್ಲ ಆಗ ತೆರೆದವು.

ಲಗಮಪ್ಪ ಕೆಳಗಿನ ಊರಿನ ಹತ್ತಿರ ಮರದ ಕೊಂಬೆ ಹಿಡಿದು ಬದುಕಿದ. ಪ್ರೊಫೆಸರರು ನೀರು ಇಳಿದ ಮೇಲೆ ಸಿಕ್ಕರು.

ಪೊಲೀಸರು ಬಂದರು, ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರು ಬಂದರು. ಗುರುಬಸವ್ವನ ಕಟ್ಟೆಯ ಮೇಲೆ ಕುರ್ಚಿ ಹಾಕಿ ವಿಚಾರಣೆ. ಅಧಿಕಾರಿ ಕೇಳಿದರು: "ಹೊಳೆ ಬಂದದ್ದು ಊರಿಗೆಲ್ಲ ಗೊತ್ತಿತ್ತು. ಅವರಿಗೆ ಯಾರೂ ಹೇಳಲಿಲ್ಲವೇ?"

"ಹೇಳಿದ್ವಿ ರೀ," ಎಂದ ಶಿವಯೋಗೆಪ್ಪ.

"ಏನಂತ ಹೇಳಿದಿರಿ?"

"ಹೋಳಗಿ ಉಂಡು ಹೋಗ್ರಿ ಅಂದ್ವಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಇದ್ರಿಸ್‌ನ ಕಡೆ ತಿರುಗಿದರು. ಇವನಾದರೂ ಹೊರಗಿನವನು, ಓದಿದವನು. "ನಿನಗೆ ಗೊತ್ತಿತ್ತೇನಪ್ಪ?"

"ಗೊತ್ತಿತ್ರಿ."

"ಮತ್ತೆ ಯಾಕೆ ಹೇಳಲಿಲ್ಲ?"

ಇದ್ರಿಸ್ ಅಚ್ಚ ನಮ್ಮ ಕಡೆಯ ಮಾತಿನಲ್ಲಿ ಹೇಳಿದ: "ಹೊಂಟವ್ರಿಗೆ ಅಂಥಾ ಮಾತ ಹೇಳಬಾರದ್ರಿ."

ಊರಿನವರು ತಲೆ ಆಡಿಸಿದರು. ಹುಡುಗ ಸರಿಯಾಗಿ ಹೇಳಿದ ಎಂಬಂತೆ. ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಗುರುಬಸವ್ವ ಬಾಗಿಲಿಗೆ ಬಂದು ಇದ್ರಿಸ್‌ನನ್ನೇ ನೋಡುತ್ತ ನಿಂತಳು. ತಾನು ಕಲಿಸಿದ ಮಾತನ್ನು ಅವನ ಬಾಯಲ್ಲಿ ಕೇಳಿ ಅವಳ ಮುಖ ಬೂದಿಯಾಗಿತ್ತು.

ಮರುದಿನ ಅವನು ಹೊರಟ. ಜಮಖಂಡಿಗೆ ಹೋಗುವ ಬಸ್ಸು ಊರ ಅಗಸಿಯ ಬಾಗಿಲ ಹತ್ತಿರ ನಿಂತಿತ್ತು. ಗುರುಬಸವ್ವ ಬುತ್ತಿ ಕಟ್ಟಿದ್ದಳು. ಹೊಸ್ತಿಲಲ್ಲಿ ಅವನ ಕೈಗೆ ಕೊಟ್ಟಳು. ಕಳಿಸಲು ಬಂದ ಓಣಿಯ ಮಂದಿ ಸುತ್ತ ನಿಂತಿದ್ದರು. ಅವನು ಬಗ್ಗಿ ಅವಳ ಕಾಲು ಮುಟ್ಟಿ ಅಂಗಳಕ್ಕೆ ಇಳಿದ. ಆಗ ಅವಳು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು:

"ಈರಪ್ಪಾ, ಡ್ರೈವರ ಬಾಳ ಜೋರ ಓಡಸ್ತಾನ. ಹಳ್ಳದ ತಿರುವಿನ್ಯಾಗ ಬಸ್ ಉರುಳೀತು. ಸತ್ತುಗಿತ್ತೀ, ಸಾವಕಾಶ ಹೋಗಂತ ಅಂವಗ ಹೇಳು."

ಯಾರೋ "ಶಿವಶಿವಾ" ಅಂದರು. ಮಾದೇವಿ ಅತ್ತೆಯ ತೋಳು ಹಿಡಿದಳು. ಇದ್ರಿಸ್ ಹಿಂದಕ್ಕೆ ಬಂದ, ಹೊಸ್ತಿಲು ದಾಟಿ ಒಳಗೆ ಬಂದು, ಕಲಿತ ಹಾಗೆಯೇ ಕೂತ.

"ಆಯಿ, ನೀರು ಕೊಡು," ಎಂದ.

"ಕೊಡಾಂಗಿಲ್ಲ."

"ಆಯಿ..."

"ಕೊಡಾಂಗಿಲ್ಲಪಾ. ಬಾಯಿ ತಗದು ಒಬ್ಬರನ್ನ ಕೊಂದೆ ಅಂತ ಊರು ಅಂತು, ನಾನೂ ಹೌದಂದೆ. ಬಾಯಿ ಮುಚ್ಚಿ ಖರೇನ ಒಬ್ಬರನ್ನ ಕೊಂದೆ. ನಿನಗೂ ಅದನ್ನ ಕಲಿಸಿದೆ." ಅವಳು ಅಳುತ್ತಿದ್ದಳು, ಆದರೆ ದನಿ ಗಟ್ಟಿಯಿತ್ತು. "ನಾ ಅಂದೇನಿ. ನೀ ಕೇಳೀದಿ. ಇನ್ನ ಎದ್ದು ಹೋಗು. ಮುಟ್ಟಿದ ಮ್ಯಾಲೆ ಬದುಕೇನಿ ಅಂತ ಒಂದು ಕಾಗದಾ ಬರಿ."

ಅಗಸಿಯಲ್ಲಿ ಬಸ್ಸು ಹಾರ್ನು ಹೊಡೆಯಿತು. ಮಾದೇವಿ ತಡೆಯಲಾರದೆ ತಂಬಿಗೆ ತುಂಬಿಕೊಂಡು ಬಂದಳು. ಗುರುಬಸವ್ವ ಅದನ್ನು ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದಳು. ಇದ್ರಿಸ್ ಬುತ್ತಿಯನ್ನು ಎದೆಗೆ ಅವಚಿಕೊಂಡು ಎದ್ದ. ಬಸ್ಸು ಹತ್ತಿದವನು ಸೀಟಿಗೆ ಹೋಗದೆ ಡ್ರೈವರನ ಬೆನ್ನ ಹಿಂದೆಯೇ ಕಂಬ ಹಿಡಿದು ನಿಂತ. ಹಳ್ಳದ ತಿರುವು ಹತ್ತಿರ ಬರುತ್ತಿತ್ತು, ಬಸ್ಸು ಜೋರಾಗಿಯೇ ಇತ್ತು. ಅವನು ಎರಡು ಸಲ ಬಾಯಿ ತೆರೆದ, ಎರಡು ಸಲ ಮುಚ್ಚಿದ. ಮೂರನೆಯ ಸಲ ಅವನ ದನಿ ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಡ್ರೈವರಣ್ಣಾ, ಸಾವಕಾಶ ಹೊಡಿರಿ. ಉರುಳತೈತಿ. ಸಾಯ್ತೇವಿ."

ಬಸ್ಸಿನ ಮಂದಿಯೆಲ್ಲ ತಿರುಗಿ ಅವನನ್ನು ನೋಡಿದರು.